ನಿಂತರೆ ಸುಡುತ್ತದೆ

ಲೇಸರ್ ಪ್ರೊಜೆಕ್ಟರಿನದು ತಣ್ಣನೆಯ ಬೆಳಕು ಎನ್ನುವವರಿದ್ದಾರೆ. ಸಿನಿಮಾದ ಚರಿತ್ರೆ ನೋಡಿದರೆ ಬಿಸಿ ಎಲ್ಲೂ ಹೋಗಿಲ್ಲ, ಜಾಗ ಬದಲಿಸಿದೆ ಅಷ್ಟೆ.

1897ರ ಮೇ 4ರಂದು ಪ್ಯಾರಿಸ್ಸಿನ ಒಂದು ದಾನದ ಸಂತೆಯಲ್ಲಿ ಸಿನಿಮಾ ತೋರಿಸುತ್ತಿದ್ದರು. ಪ್ರೊಜೆಕ್ಟರಿನ ದೀಪಕ್ಕೆ ಈಥರ್ ತುಂಬುವಾಗ ಕಡ್ಡಿ ಗೀರಿದ್ದೇ ತಡ, ಮರ-ಬಟ್ಟೆಯ ಮಂಟಪ ಹೊತ್ತಿಕೊಂಡಿತು. 120ಕ್ಕೂ ಹೆಚ್ಚು ಜನ ಸತ್ತರು, ಬಹುಪಾಲು ಹೆಂಗಸರು.

ಆಮೇಲೆ ಇಂಗಾಲದ ಕಡ್ಡಿಗಳ ಆರ್ಕ್ ದೀಪ ನೆಲೆಯೂರಿತು. ಅದರ ಬಿಸಿಯೆಲ್ಲ ಫಿಲ್ಮಿನ ಮೇಲೆ. ಆ ಕಾಲದ ನೈಟ್ರೇಟ್ ಫಿಲ್ಮೋ, ತನ್ನೊಳಗೇ ಆಮ್ಲಜನಕ ಇಟ್ಟುಕೊಂಡಿದ್ದರಿಂದ ನೀರಲ್ಲಿ ಮುಳುಗಿಸಿದರೂ ಉರಿಯುವಂಥದ್ದು. ಅದನ್ನು ಕಾಪಾಡುತ್ತಿದ್ದದ್ದು ಓಟ. ಸೆಕೆಂಡಿಗೆ 24 ಚಿತ್ರ ಸರಿಯುವಾಗ ಕಾವು ಏರುವಷ್ಟರಲ್ಲಿ ಚಿತ್ರ ದಾಟಿಬಿಡುತ್ತಿತ್ತು. ಸಿಕ್ಕಿಕೊಂಡು ನಿಂತರೆ ಬೆಂಕಿ. ಆಪರೇಟರ್ ಪ್ರಾಣ ಹೋಗುವುದು ಅಲ್ಲೇ.

1950ರ ದಶಕದಲ್ಲಿ ಕ್ಸೆನಾನ್ ಬಂತು. ಕೈಪಿಡಿಯೊಂದನ್ನು ಕನ್ನಡಕ್ಕೆ ತರುವಾಗ ನಾನು ತಡವರಿಸಿದ್ದು ಇಲ್ಲೇ: ದೀಪ ಆರಿದ ಮೇಲೂ, ಬಿಸಿ ಆರುವ ತನಕ ಫ್ಯಾನ್ ಓಡಬೇಕು. ಒಂದೇ ಕ್ರಿಯಾಪದ, ಎರಡು ಹೊತ್ತು.

ಈಗಿನ ಬಹಳಷ್ಟು ಲೇಸರ್ ಪ್ರೊಜೆಕ್ಟರುಗಳಲ್ಲಿ ನೀಲಿ ಲೇಸರ್ ಫಾಸ್ಫರ್ ಲೇಪದ ಮೇಲೆ ಬಿದ್ದು ಹಳದಿ ಬೆಳಕಾಗುತ್ತದೆ. ಒಂದಷ್ಟು ಶಕ್ತಿ ಬಿಸಿಯಾಗಿಯೇ ಉಳಿಯುತ್ತದೆ. ಕಾದ ಫಾಸ್ಫರ್ ಕಡಿಮೆ ಬೆಳಕು ಕೊಡುತ್ತದೆ, ಹಾಗಾಗಿ ಇನ್ನಷ್ಟು ಕಾಯುತ್ತದೆ. ಅದಕ್ಕೇ ಲೇಪವನ್ನು ಚಕ್ರಕ್ಕೆ ಬಳಿದು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗಿಸುತ್ತಾರೆ. ಒಂದೇ ಚುಕ್ಕೆಗೆ ಸತತ ಪೆಟ್ಟು ಬೀಳದಿರಲೆಂದು. ಫಿಲ್ಮ್ ಹೋಯಿತು, ಅದರ ಓಟ ಚಕ್ರಕ್ಕೆ ಬಂತು. ಮೋಟಾರು ನಿಂತರೆ ಲೇಸರ್ ತಕ್ಷಣ ತಾನಾಗಿ ಆರಬೇಕು, ಇಲ್ಲವಾದರೆ ಬೆಳಕು ಬಿದ್ದ ಜಾಗ ಸುಟ್ಟುಹೋಗುತ್ತದೆ.