ಒಂದು ಪಾಯಿಂಟಿನ ಚರಿತ್ರೆ

ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲಿನಲ್ಲಿ ಪಂದ್ಯ ಮುಗಿದ ಸೈರನ್ ಮೊಳಗಿದ ಕೂಡಲೇ ಗೆದ್ದ ತಂಡದ ಹಾಡನ್ನು ಮೈದಾನದ ಧ್ವನಿವರ್ಧಕಗಳಲ್ಲಿ ಹಾಕುತ್ತಾರೆ. ಸೋತವರು ಅದನ್ನು ಕೇಳಿಸಿಕೊಳ್ಳುತ್ತಲೇ ಮೆಟ್ಟಿಲಿಳಿಯಬೇಕು. ಮೆಲ್ಬರ್ನಿನ ಡಾಕ್‌ಲ್ಯಾಂಡ್ಸ್ ಕ್ರೀಡಾಂಗಣದಿಂದ ಸದರ್ನ್ ಕ್ರಾಸ್ ರೈಲು ನಿಲ್ದಾಣಕ್ಕೆ ಹೋಗುವ ಸೇತುವೆಯ ಮೇಲೆ ಕೆಂಪು, ಬಿಳಿ, ಕಪ್ಪು ಬಣ್ಣದ ಸ್ಕಾರ್ಫ್ ಸುತ್ತಿಕೊಂಡ ಜನ ಮಾತಿಲ್ಲದೆ ನಡೆಯುತ್ತಿದ್ದರೆ ಸೇಂಟ್ ಕಿಲ್ಡಾ ಸೋತಿದೆ ಎಂದು ತಿಳಿಯಬೇಕು. ಕಳೆದ ವಾರ ಆ ಗುಂಪಿನಲ್ಲಿ ನಾನೂ ಇದ್ದೆ. ಮೂರು ಕ್ವಾರ್ಟರ್ ಚೆನ್ನಾಗಿ ಆಡಿ, ನಾಲ್ಕನೆಯದರಲ್ಲಿ ಕೈಗೆ ಬಂದ ಚೆಂಡನ್ನೆಲ್ಲ ಎದುರಾಳಿಗೇ ಒಪ್ಪಿಸಿ ಸೋತ ಪಂದ್ಯ ಅದು. ಸಂಶೋಧನೆಗೆಂದು ಈ ಊರಿಗೆ ಬಂದು, ಬಾಡಿಗೆ ಮನೆಯ ಒಡತಿಯ ದೆಸೆಯಿಂದ ಈ ತಂಡಕ್ಕೆ ಅಂಟಿಕೊಂಡವಳು ನಾನು. ಮನೆಗೆ ಬಂದರೆ ಪ್ರಬಂಧದ ಅಧ್ಯಾಯ ಬರೆಯಲಾಗಲಿಲ್ಲ. ಬದಲಿಗೆ ಈ ಕ್ಲಬ್ಬಿನ ಹಳೆಯ ಸ್ಕೋರುಗಳನ್ನು ತೆಗೆದು ಓದುತ್ತ ಕೂತೆ.

ಆಟ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಮೈದಾನವೂ ಅಂಡಾಕಾರ, ಚೆಂಡೂ ಅಂಡಾಕಾರ. ಒಂದೊಂದು ತಂಡದಿಂದ 18 ಜನ ಮೈದಾನದಲ್ಲಿರುತ್ತಾರೆ. ಎರಡೂ ತುದಿಗಳಲ್ಲಿ ನಾಲ್ಕು ನಾಲ್ಕು ಕಂಬಗಳು. ನಡುವಿನ ಎರಡು ಎತ್ತರದ ಕಂಬಗಳ ಮಧ್ಯೆ ಒದ್ದರೆ ಗೋಲು, ಆರು ಪಾಯಿಂಟು. ಗುರಿ ತಪ್ಪಿ ಪಕ್ಕದ ಗಿಡ್ಡ ಕಂಬದೊಳಗೆ ಹೋದರೆ ‘ಬಿಹೈಂಡ್’, ಒಂದು ಪಾಯಿಂಟು. ಗುರಿ ತಪ್ಪಿದವನಿಗೂ ಒಂದಿಷ್ಟು ಕೊಟ್ಟು ಕಳಿಸುವ ಆಟ ನನಗೆ ತಿಳಿದಂತೆ ಬೇರೆ ಹೆಚ್ಚಿಲ್ಲ. ಸೇಂಟ್ ಕಿಲ್ಡಾದ ಚರಿತ್ರೆಯೆಲ್ಲ ಈ ಒಂದು ಪಾಯಿಂಟಿನ ಸುತ್ತ ಸುತ್ತುತ್ತದೆ.

ಮೆಲ್ಬರ್ನಿನ ಕಡಲತೀರದ ಬಡಾವಣೆಯಾದ ಸೇಂಟ್ ಕಿಲ್ಡಾದಲ್ಲಿ ಈ ಕ್ಲಬ್ಬು ಹುಟ್ಟಿದ್ದು 1873ರಲ್ಲಿ. 1897ರಲ್ಲಿ ಎಂಟು ಕ್ಲಬ್ಬುಗಳು ಸೇರಿ ವಿಕ್ಟೋರಿಯನ್ ಫುಟ್‌ಬಾಲ್ ಲೀಗ್ ಆಡಲು ಶುರುಮಾಡಿದಾಗ ಅದರಲ್ಲಿ ಇದೂ ಒಂದು. ಮೊದಲ ವರ್ಷ ಆಡಿದ 14 ಪಂದ್ಯಗಳಲ್ಲಿ 14 ಸೋಲು. ಎರಡನೇ ವರ್ಷ 17ಕ್ಕೆ 17. ಮೂರನೇ ವರ್ಷವೂ 17ಕ್ಕೆ 17. ಒಟ್ಟು 48 ಪಂದ್ಯ, ಒಂದೂ ಗೆಲುವಿಲ್ಲ. 1899ರ ಋತುವಿನ ಕೊನೆಗೆ ಜೀಲಾಂಗ್ ಎದುರು ಆಡಿದ ಪಂದ್ಯದ ಸ್ಕೋರು 162ಕ್ಕೆ 1. ಇಡೀ ಪಂದ್ಯದಲ್ಲಿ ಗಳಿಸಿದ್ದು ಒಂದು ಬಿಹೈಂಡ್. ಈ ಲೀಗಿನಲ್ಲಿ ಅದಕ್ಕಿಂತ ಕಡಿಮೆ ಸ್ಕೋರು ಮತ್ತೆ ಯಾರೂ ಮಾಡಿಲ್ಲ.

1900ರ ಮೊದಲ ಪಂದ್ಯ ಮೆಲ್ಬರ್ನ್ ತಂಡದ ಮೇಲೆ. ಅದು ಸಮ ಸಮವಾಗಿ ಮುಗಿಯಿತು. ಸೇಂಟ್ ಕಿಲ್ಡಾದವರು ಸುಮ್ಮನಿರಲಿಲ್ಲ, ಎದುರಾಳಿಗೆ ಕೊಟ್ಟ ಒಂದು ಬಿಹೈಂಡ್ ನಿಯಮಕ್ಕೆ ವಿರುದ್ಧ ಎಂದು ಲೀಗಿಗೆ ದೂರು ಕೊಟ್ಟರು. ದೂರನ್ನು ಎತ್ತಿಹಿಡಿದು ಆ ಪಾಯಿಂಟನ್ನು ಕಳೆಯಲಾಯಿತು. ಹೀಗೆ ಕ್ಲಬ್ಬಿನ ಮೊದಲ ಗೆಲುವು ಮೈದಾನದಲ್ಲಿ ಬರಲಿಲ್ಲ, ಸಭೆಯ ಮೇಜಿನ ಮೇಲೆ ಬಂತು, ಒಂದು ಪಾಯಿಂಟಿನಿಂದ. ಮಾಮೂಲಿನಂತೆ ಆ ವರ್ಷವೂ ಕೊನೆಯ ಸ್ಥಾನವೇ.

ಅಂಕಪಟ್ಟಿಯ ತಳದಲ್ಲಿ ಉಳಿದವರಿಗೆ ಇಲ್ಲಿ ‘ವುಡನ್ ಸ್ಪೂನ್’ ಸಿಕ್ಕಿತು ಎನ್ನುತ್ತಾರೆ, ಮರದ ಚಮಚ. ಮಾತು ಬಂದಿದ್ದು ಕೇಂಬ್ರಿಜ್ ವಿಶ್ವವಿದ್ಯಾಲಯದಿಂದ. ಗಣಿತದ ಆನರ್ಸ್ ಪಟ್ಟಿಯಲ್ಲಿ ಕಟ್ಟಕಡೆಯವನಾಗಿ ಪಾಸಾದವನಿಗೆ ಸಹಪಾಠಿಗಳು ತಮಾಷೆಗೆ ಮರದ ಚಮಚ ಕೊಡುತ್ತಿದ್ದರು. (ನಾಲ್ಕನೇ ವರ್ಷದ ಪಿಎಚ್‌ಡಿಯಲ್ಲಿರುವ ನನಗೆ ಇದು ಅಂಥ ದೊಡ್ಡ ತಮಾಷೆಯಾಗಿ ಕಾಣುವುದಿಲ್ಲ.) ಸೇಂಟ್ ಕಿಲ್ಡಾ ಈವರೆಗೆ ಇಂಥ 27 ಚಮಚ ಸಂಪಾದಿಸಿದೆ. ಇನ್ಯಾವ ತಂಡಕ್ಕೂ ಇಷ್ಟಿಲ್ಲ. ಕಪ್ ಎಷ್ಟು ಎಂದರೆ, ಒಂದು.

ಆ ಒಂದು ಬಂದದ್ದು 1966ರ ಸೆಪ್ಟೆಂಬರ್ 24ರಂದು. ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ ಅಂದು 1,01,655 ಜನ ಸೇರಿದ್ದರು. ಎದುರಿಗಿದ್ದದ್ದು ಕಾಲಿಂಗ್‌ವುಡ್. ಪಂದ್ಯ ಮುಗಿಯಲು ಇನ್ನೇನು ಸ್ವಲ್ಪ ಹೊತ್ತಿದೆ ಎನ್ನುವಾಗ ಎರಡೂ ತಂಡಗಳ ಸ್ಕೋರು 73. ಆಗ ಬ್ಯಾರಿ ಬ್ರೀನ್ ಎಂಬ ಹುಡುಗ ನೂಕುನುಗ್ಗಲಿನ ನಡುವೆ ಚೆಂಡು ಹಿಡಿದು ಸಿಕ್ಕಂತೆ ಒದ್ದ. ಅಂದವಾದ ಒದೆತವೇನಲ್ಲ. ಚೆಂಡು ತೂರಾಡುತ್ತ ಹೋಗಿ ಗೋಲನ್ನು ತಪ್ಪಿಸಿಕೊಂಡು ಪಕ್ಕಕ್ಕೆ ಸೇರಿತು. ಬಿಹೈಂಡ್. 74ಕ್ಕೆ 73. ಗುರಿ ತಪ್ಪಿದ ಆ ಒದೆತವೇ ಈವರೆಗಿನ ಏಕೈಕ ಕಪ್ಪನ್ನು ತಂದಿತು.

ಇಲ್ಲಿಂದ ಮುಂದಿನದು ‘ಇದ್ದಿದ್ದರೆ’ಗಳ ಚರಿತ್ರೆ. 1971ರ ಫೈನಲ್ಲಿನಲ್ಲಿ ಹಾಥಾರ್ನ್ ಎದುರು 7 ಪಾಯಿಂಟಿನ ಸೋಲು. 1997ರಲ್ಲಿ ಅಡಿಲೇಡ್ ಎದುರು 31ರ ಸೋಲು. 2009ರಲ್ಲಿ ಮೊದಲ 19 ಪಂದ್ಯಗಳನ್ನು ಸತತವಾಗಿ ಗೆದ್ದು, ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿ ನಿಂತು, ಕೊನೆಗೆ ಫೈನಲ್ಲಿನಲ್ಲಿ ಜೀಲಾಂಗ್ ಎದುರು 12 ಪಾಯಿಂಟಿನ ಸೋಲು. ಆ ದಿನ ಗೋಲಿನತ್ತ ಹೆಚ್ಚು ಬಾರಿ ಒದ್ದು ಪಾಯಿಂಟು ಗಳಿಸಿದ್ದು ಸೇಂಟ್ ಕಿಲ್ಡಾವೇ: 9 ಗೋಲು, 14 ಬಿಹೈಂಡ್. ಜೀಲಾಂಗಿನದು 12 ಗೋಲು, 8 ಬಿಹೈಂಡ್. ಅದರಲ್ಲೂ ಜೀಲಾಂಗಿನ ಒಂದು ಗೋಲು ಕಂಬಕ್ಕೆ ತಾಗಿ ಹೋದದ್ದು, ನಿಯಮದಂತೆ ಅದು ಬಿಹೈಂಡ್ ಆಗಬೇಕಿತ್ತು. ಮರುಪ್ರಸಾರದಲ್ಲಿ ಎಲ್ಲರಿಗೂ ಕಂಡಿತು, ಅಂಪೈರಿಗೆ ಮಾತ್ರ ಕಾಣಲಿಲ್ಲ.

ಮರುವರ್ಷ ಮತ್ತೆ ಫೈನಲ್, ಮತ್ತೆ ಕಾಲಿಂಗ್‌ವುಡ್. 2010ರ ಸೆಪ್ಟೆಂಬರ್ 25. ಒಂದು ಪಾಯಿಂಟಿನಿಂದ ಹಿಂದಿದ್ದಾಗ, ಕೊನೆಯ ನಿಮಿಷಗಳಲ್ಲಿ ಲೆನಿ ಹೇಯ್ಸ್ ದೂರದಿಂದ ಗೋಲಿನ ಬಾಯಿಗೆ ಚೆಂಡು ಒದ್ದ. ಅಲ್ಲಿ ಸ್ಟೀಫನ್ ಮಿಲ್ನ್ ಓಡಿಬರುತ್ತಿದ್ದ. ಚೆಂಡು ನೆಲಕ್ಕೆ ಬಿದ್ದು ನೇರ ಪುಟಿದಿದ್ದರೆ ಅವನ ಕೈಗೆ ಬರುತ್ತಿತ್ತು. ಮುಂದೆ ತೆರೆದ ಗೋಲು. ಆದರೆ ಅಂಡಾಕಾರದ ಚೆಂಡು ಪುಟಿಯುವುದು ತನಗೆ ಮನಸ್ಸು ಬಂದ ಕಡೆಗೆ. ಅದು ಅವನಿಂದ ಪಕ್ಕಕ್ಕೆ ಸರಿದು ಬಿಹೈಂಡ್ ಗೆರೆ ದಾಟಿತು. 68ಕ್ಕೆ 68. ಆಗಿನ ನಿಯಮದಂತೆ ವಾರದ ಬಳಿಕ ಇಡೀ ಫೈನಲ್ಲನ್ನು ಮತ್ತೆ ಆಡಿಸಿದರು. ಸೇಂಟ್ ಕಿಲ್ಡಾ 56 ಪಾಯಿಂಟುಗಳಿಂದ ಸೋತಿತು. 44 ವರ್ಷಗಳ ಹಿಂದೆ ಅದೇ ಎದುರಾಳಿಯ ಮೇಲೆ ಕಪ್ ತಂದುಕೊಟ್ಟದ್ದು ಒಂದು ಬಿಹೈಂಡ್. ಈಗ ಕಪ್ಪನ್ನು ಕೈತಪ್ಪಿಸಿದ್ದೂ ಒಂದು ಬಿಹೈಂಡ್.

ನಮ್ಮ ಮನೆಯೊಡತಿಯನ್ನು ಕೇಳಿದರೆ ಇದೆಲ್ಲ ಶಾಪ ಎನ್ನುತ್ತಾರೆ. ಸೇತುವೆಯ ಮೇಲೆ ನಡೆಯುವ ಗುಂಪಿನಲ್ಲೂ ಇಂಥದೇ ಮಾತು: ಆ ಚೆಂಡು ಹೀಗೆ ಪುಟಿದಿದ್ದರೆ, ಅಂಪೈರ್ ಕಂಬ ನೋಡಿದ್ದರೆ. ಅತ್ತೆಗೆ ಮೀಸೆ ಬಂದರೆ ಚಿಕ್ಕಪ್ಪ ಎನ್ನುವ ಗಾದೆ ಹೇಳಿ ತಳ್ಳಿಹಾಕಬಹುದು. ಚರಿತ್ರೆಯ ವಿದ್ಯಾರ್ಥಿಗಳಿಗೆ ಮೊದಲು ಬಿಡಿಸುವ ಚಟವೂ ಈ ‘ರೆ’ಯೇ. ಆದರೂ ಗಮನಿಸಿ, 162ಕ್ಕೆ 1 ಎಂದು ಸೋತ ಪಂದ್ಯದ ಬಗ್ಗೆ ಯಾರೂ ‘ಇದ್ದಿದ್ದರೆ’ ಎನ್ನುವುದಿಲ್ಲ. ಅದನ್ನು ನಗುತ್ತ ಹೇಳುತ್ತಾರೆ. ಹೊಟ್ಟೆ ಉರಿಯುವುದು ಗೆಲುವು ಕೈಗೆ ಎಟುಕಿದ ದಿನ ಸೋತಾಗ. ಅಭಿಮಾನಿಯ ಸಿಟ್ಟು ತಂಡ ಕೆಟ್ಟದೆಂದು ಹುಟ್ಟುವುದಲ್ಲ, ಇನ್ನಷ್ಟು ಒಳ್ಳೆಯದಾಗಬಹುದಿತ್ತು ಎಂಬ ಲೆಕ್ಕದಿಂದ ಹುಟ್ಟುವುದು.

ಶಾಪದ ಮಾತಿಗೆ ನನ್ನ ತಕರಾರಿರುವುದು ಇನ್ನೊಂದು ಕಾರಣಕ್ಕೆ. ಎಲ್ಲವನ್ನೂ ಚೆಂಡಿನ ಪುಟಿತಕ್ಕೆ ಹಚ್ಚಿದರೆ ಯಾರೂ ಉತ್ತರ ಕೊಡಬೇಕಿಲ್ಲ. ಒಂದು ಪುಟಿತ 2010ರ ಫೈನಲ್ಲನ್ನು ವಿವರಿಸೀತು, 27 ಚಮಚಗಳನ್ನಲ್ಲ. 1983ರಿಂದ 1986ರವರೆಗೆ ಸತತ ನಾಲ್ಕು ವರ್ಷ ತಳದಲ್ಲಿದ್ದಾಗ ಕ್ಲಬ್ಬು ಸಾಲದಲ್ಲಿ ಮುಳುಗಿತ್ತು. ಅಂಥ ಕಾಲದಲ್ಲೇ ಟೋನಿ ಲಾಕೆಟ್ ಎಂಬ ಅಸಾಮಾನ್ಯ ಆಟಗಾರ ಇಲ್ಲಿ ಬೆಳೆದ. 1991ರಲ್ಲಿ ಅವನೊಬ್ಬನೇ 127 ಗೋಲು ಹೊಡೆದ. 1973ರ ನಂತರ ಮೊದಲ ಬಾರಿಗೆ ತಂಡ ಅಂತಿಮ ಸುತ್ತಿಗೆ ಬಂದದ್ದೂ ಆ ವರ್ಷವೇ. ಆ ಸುತ್ತಿನ ಪಂದ್ಯದಲ್ಲಿ ಲಾಕೆಟ್ 9 ಗೋಲು ಹೊಡೆದ, ತಂಡ ಸೋತಿತು. ನಾಲ್ಕು ವರ್ಷದ ಬಳಿಕ ಅವನು ಸಿಡ್ನಿಗೆ ಹೊರಟ. ಲೀಗಿನ ಸಾರ್ವಕಾಲಿಕ ಗೋಲಿನ ದಾಖಲೆಯನ್ನು ಮುರಿದದ್ದು ಅಲ್ಲಿನ ಬಣ್ಣ ತೊಟ್ಟು.

ಹಾಗೆಂದು ಸೋಲಿಗೂ ಕ್ಲಬ್ಬಿನ ಸಾವಿಗೂ ನೇರ ಸಂಬಂಧ ಕಟ್ಟುವಂತೆಯೂ ಇಲ್ಲ. 1897ರ ಎಂಟು ಕ್ಲಬ್ಬುಗಳಲ್ಲಿ ಎರಡು ತಮ್ಮ ಊರಿನಲ್ಲಿ ಉಳಿದಿಲ್ಲ. ಸೌತ್ ಮೆಲ್ಬರ್ನ್ 1982ರಲ್ಲಿ ಸಿಡ್ನಿಗೆ ಸ್ಥಳಾಂತರಗೊಂಡಿತು. ಫಿಟ್ಜ್‌ರಾಯ್‌ನದು ಇನ್ನೂ ಕಷ್ಟದ ಕಥೆ. ಎಂಟು ಕಪ್ ಗೆದ್ದ ಕ್ಲಬ್ಬು ಅದು. 1916ರಲ್ಲಿ, ಯುದ್ಧದ ಕಾರಣ ನಾಲ್ಕೇ ತಂಡಗಳು ಆಡಿದಾಗ, ಲೀಗ್ ಹಂತದಲ್ಲಿ ಕೊನೆಯ ಸ್ಥಾನ ಪಡೆದೂ ಅಂತಿಮ ಸುತ್ತಿನಲ್ಲಿ ಎಲ್ಲರನ್ನೂ ಸೋಲಿಸಿ ಕಪ್ ಎತ್ತಿತ್ತು. ಆ ಫಿಟ್ಜ್‌ರಾಯ್ 1996ರ ಸೆಪ್ಟೆಂಬರ್ 1ರಂದು ತನ್ನ ಕೊನೆಯ ಪಂದ್ಯವನ್ನು ತನ್ನೂರಿನಿಂದ ಸಾವಿರಾರು ಕಿಲೋಮೀಟರ್ ಆಚೆ, ಪರ್ತ್‌ನಲ್ಲಿ ಆಡಿ ಸೋತಿತು. ಅನಂತರ ಅದನ್ನು ಬ್ರಿಸ್ಬೇನ್ ತಂಡದೊಳಗೆ ಸೇರಿಸಲಾಯಿತು. ಎಂಟು ಕಪ್ಪಿನ ಕ್ಲಬ್ಬು ಹೋಯಿತು, ಒಂದು ಕಪ್ಪಿನ ಕ್ಲಬ್ಬು ಉಳಿಯಿತು. 1989ರಲ್ಲಿ ಇದೇ ಫಿಟ್ಜ್‌ರಾಯ್ ಜೊತೆ ವಿಲೀನ ಮಾಡಲು ಹೊರಟಾಗ ಫುಟ್‌ಸ್ಕ್ರೇ ಕ್ಲಬ್ಬಿನ ಜನ ಬೀದಿಗಿಳಿದು ಹಣ ಕೂಡಿಸಿ, ಕೋರ್ಟಿಗೂ ಹೋಗಿ ತಮ್ಮ ತಂಡವನ್ನು ಉಳಿಸಿಕೊಂಡಿದ್ದರು. ಹಾಗಾಗಿ ‘ಇಂಥ ತಂಡಕ್ಕೆ ಯಾಕೆ ದುಡ್ಡು ಕಟ್ಟುತ್ತೀರಿ’ ಎಂದು ಈ ಊರಿನಲ್ಲಿ ಕೇಳುವಾಗ ಸ್ವಲ್ಪ ಯೋಚಿಸಬೇಕಾಗುತ್ತದೆ. ಕಟ್ಟದೇ ಹೋದರೆ ಏನಾಗುತ್ತದೆ ಎಂಬುದನ್ನು ಇಲ್ಲಿನವರು ಕಣ್ಣಾರೆ ನೋಡಿದ್ದಾರೆ.

1986ರಿಂದ ಲೀಗು ಸೋತವರಿಗೊಂದು ಸಮಾಧಾನದ ವ್ಯವಸ್ಥೆ ಮಾಡಿದೆ: ಡ್ರಾಫ್ಟ್. ಕೊನೆಯ ಸ್ಥಾನದವರಿಗೆ ಹೊಸ ಹುಡುಗರನ್ನು ಆರಿಸುವ ಮೊದಲ ಅವಕಾಶ. 2000ದ ಚಮಚದ ಫಲವಾಗಿ ಬಂದವನು ನಿಕ್ ರೀವೋಲ್ಟ್, ಎರಡು ಫೈನಲ್‌ಗಳಿಗೆ ತಂಡವನ್ನು ಕರೆದೊಯ್ದ ನಾಯಕ. 2014ರ ಚಮಚಕ್ಕೆ ಆರಿಸಿದ್ದು ಪ್ಯಾಡಿ ಮೆಕಾರ್ಟಿನ್ ಎಂಬ ಹುಡುಗನನ್ನು. ತಲೆಗೆ ಮತ್ತೆ ಮತ್ತೆ ಬಿದ್ದ ಪೆಟ್ಟುಗಳು ಅವನ ಆಟವನ್ನೇ ತಿಂದುಹಾಕಿದವು. ಅವನ ಹಿಂದೆಯೇ ಎರಡನೆಯವನಾಗಿ ಮೆಲ್ಬರ್ನ್ ತಂಡ ಆರಿಸಿಕೊಂಡ ಕ್ರಿಶ್ಚಿಯನ್ ಪೆಟ್ರಾಕಾ 2021ರ ಫೈನಲ್ಲಿನ ಶ್ರೇಷ್ಠ ಆಟಗಾರನಾದ. ಈ ಎರಡು ಹೆಸರುಗಳನ್ನು ಜೋಡಿಸಿ ಜೋಕು ಮಾಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ಅಲ್ಲಿ ಕಳೆದುಹೋಗಿದ್ದು ಕಪ್ ಅಲ್ಲ, ಒಬ್ಬ ಹುಡುಗನ ಆರೋಗ್ಯ.

ಸೇಂಟ್ ಕಿಲ್ಡಾ ಈ ದೇಶಕ್ಕೆ ಕೊಟ್ಟ ಬಹುದೊಡ್ಡ ಕ್ಷಣ ಯಾವುದೆಂದು ನನ್ನನ್ನು ಕೇಳಿದರೆ 1966ರದ್ದನ್ನು ಹೇಳುವುದಿಲ್ಲ. 1993ರ ಏಪ್ರಿಲ್ 17ರಂದು, ಕಾಲಿಂಗ್‌ವುಡ್‌ನ ವಿಕ್ಟೋರಿಯಾ ಪಾರ್ಕಿನಲ್ಲಿ, ಮೂಲನಿವಾಸಿ ಸಮುದಾಯದ ಆಟಗಾರ ನಿಕಿ ವಿನ್ಮಾರ್ ದಿನವಿಡೀ ಪ್ರೇಕ್ಷಕರ ಜನಾಂಗೀಯ ಬೈಗುಳ ಕೇಳಿಸಿಕೊಂಡು, ಪಂದ್ಯ ಗೆದ್ದ ಮೇಲೆ ಆ ಗುಂಪಿನ ಕಡೆ ತಿರುಗಿ, ಜೆರ್ಸಿ ಎತ್ತಿ ತನ್ನ ಕಪ್ಪು ಚರ್ಮದ ಕಡೆ ಬೆರಳು ತೋರಿಸಿದ. ಆ ಚಿತ್ರ ಆಟದ ಪುಟಗಳಿಂದಾಚೆ ಹೋಗಿ ದೇಶದ ಚರಿತ್ರೆಯ ಭಾಗವಾಯಿತು. 2019ರಲ್ಲಿ ಪರ್ತ್‌ನ ಹೊಸ ಕ್ರೀಡಾಂಗಣದ ಹೊರಗೆ ಅದೇ ಭಂಗಿಯ ಪ್ರತಿಮೆ ನಿಲ್ಲಿಸಿದ್ದಾರೆ. ಅಂಕಪಟ್ಟಿಯಲ್ಲಿ ಆ ಗೆಲುವಿಗೆ ಸಿಕ್ಕಿದ್ದು ಎಲ್ಲ ಗೆಲುವಿಗೂ ಸಿಗುವ ನಾಲ್ಕು ಅಂಕ. ಕಪ್‌ಗಳ ಪಟ್ಟಿಯಿಂದಲೇ ಕ್ಲಬ್ಬುಗಳ ಚರಿತ್ರೆ ಬರೆಯುವವರಿಗೆ ಆ ದಿನ ಸಿಗುವುದೇ ಇಲ್ಲ.

ಈಚಿನ ವರ್ಷಗಳಲ್ಲಿ ಜೊತೆಗಾರರೆಲ್ಲ ಒಬ್ಬೊಬ್ಬರಾಗಿ ದಾಟಿಹೋದರು. ವೆಸ್ಟರ್ನ್ ಬುಲ್‌ಡಾಗ್ಸ್ ಎಂದು ಹೆಸರು ಬದಲಿಸಿಕೊಂಡ ಫುಟ್‌ಸ್ಕ್ರೇ 1954ರ ಬಳಿಕ 2016ರಲ್ಲಿ ಗೆದ್ದಿತು. ರಿಚ್‌ಮಂಡ್ 1980ರ ಬಳಿಕ 2017ರಲ್ಲಿ. ಮೆಲ್ಬರ್ನ್ 1964ರ ಬಳಿಕ 2021ರಲ್ಲಿ. ಈಗ ಅತಿ ಉದ್ದದ ಬರ ಸೇಂಟ್ ಕಿಲ್ಡಾದ್ದೇ. ಆರ್‌ಸಿಬಿಗೆ ಕಪ್ ಬರಲು ನಾವು 18 ವರ್ಷ ಕಾದೆವು ಎಂದು ಮನೆಯೊಡತಿಗೆ ಒಮ್ಮೆ ಹೇಳಿದ್ದೆ. ಅಷ್ಟೇನಾ ಎಂದರು.

1966ರ ನಾಯಕ ಡ್ಯಾರಲ್ ಬಾಲ್ಡಾಕ್, ಕೋಚ್ ಅಲನ್ ಜೀನ್ಸ್ ಇಬ್ಬರೂ 2011ರಲ್ಲಿ ತೀರಿಕೊಂಡರು. ಅಂದು ಅಪ್ಪನ ಹೆಗಲ ಮೇಲೆ ಕೂತು ಬ್ರೀನನ ಒದೆತ ನೋಡಿದ ಮಕ್ಕಳಿಗೆ ಈಗ ಅರವತ್ತು ದಾಟಿದೆ. ನಮ್ಮ ಮನೆಯೊಡತಿ ಅವರಲ್ಲೊಬ್ಬರು. ಅವರಿಗೆ ನೆನಪಿರುವುದು ಚೆಂಡಲ್ಲ, ಅದು ಕಾಣದಂತೆ ಎದುರಿಗೆ ಎದ್ದುನಿಂತ ಒಬ್ಬ ಗಂಡಸಿನ ಕೋಟು. ಅವರ ಒಂಬತ್ತು ವರ್ಷದ ಮೊಮ್ಮಗ ಈ ವಾರ ಬೇರೆ ತಂಡಕ್ಕೆ ಹೋಗುತ್ತೇನೆಂದು ಹಟ ಹಿಡಿದಿದ್ದಾನೆ. ಮುಂದಿನ ವರ್ಷದ ಸದಸ್ಯತ್ವಕ್ಕೆ ಇಬ್ಬರ ಹೆಸರಲ್ಲೂ ದುಡ್ಡು ಕಟ್ಟಿದ್ದಾಗಿದೆ, ಆದರೆ ಅದನ್ನು ಅವನಿಗೆ ಇನ್ನೂ ಹೇಳಿಲ್ಲ.