ಗೋಡೆಯ ಮೂಲೆಯಲ್ಲಿ ಅಡಗಿದ್ದ ಇತಿಹಾಸ



ಕಳೆದ ವರ್ಷ ಅಮೆರಿಕದಲ್ಲಿರುವ ಮಗನ ಮನೆಯಲ್ಲಿ ಕೆಲಕಾಲವಿದ್ದೆ. 1950ರ ದಶಕದಲ್ಲಿ ಕಟ್ಟಿದ ಆ ಮನೆಯಲ್ಲಿ ಮೊಮ್ಮಗಳಿಗೆಂದು ಒಂದು ಕೋಣೆಯನ್ನು ಅವನೇ ನವೀಕರಿಸುತ್ತಿದ್ದನು. ಬಿರುಕುಬಿಟ್ಟ ಮೂಲೆಯನ್ನು ಉಜ್ಜಲು ಉಪ್ಪುಕಾಗದ ಹಿಡಿದು ಏಣಿ ಹತ್ತಿದಾಗ ನಾನು, "ಸ್ವಲ್ಪ ತಡೆಯಪ್ಪಾ" ಎಂದೆ.

"ಬರೀ ಧೂಳು ತಾನೇ, ಅಪ್ಪಾ?" ಎಂದನು.

ಹಿಂದಿನ ವಾರವಷ್ಟೇ ಆ ಗೋಡೆಯ ಚರಿತ್ರೆಯನ್ನು ನಾನು ಗ್ರಂಥಾಲಯದಲ್ಲಿ ಓದಿದ್ದೆ. ಹಿಂದೆ ಅಲ್ಲಿ ಮರದ ಚೌಕಟ್ಟಿಗೆ ಪಟ್ಟಿಗಳನ್ನು ಹೊಡೆದು, ಹಸಿಗಾರೆಯನ್ನು ಪದರಪದರವಾಗಿ ಮೆತ್ತುತ್ತಿದ್ದರು. ಒಣಗಲು ವಾರಗಳೇ ಹಿಡಿಯುತ್ತಿದ್ದವು. 1894ರಲ್ಲಿ ಅಗಸ್ಟೀನ್ ಸ್ಯಾಕೆಟ್ ಎಂಬಾತನು ಕಾಗದದ ಪದರಗಳ ನಡುವೆ ಜಿಪ್ಸಮ್ ಗಾರೆಯನ್ನು ಸೇರಿಸಿದ ಹಲಗೆಗೆ ಪೇಟೆಂಟ್ ಪಡೆದನು. ಅವನ ಸಂಸ್ಥೆಯನ್ನು 1909ರಲ್ಲಿ ಕೊಂಡ ಯುನೈಟೆಡ್ ಸ್ಟೇಟ್ಸ್ ಜಿಪ್ಸಮ್ ಕಂಪನಿಯು 1917ರಲ್ಲಿ ಸುಧಾರಿತ ಹಲಗೆಯನ್ನು 'ಷೀಟ್‌ರಾಕ್' ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಆದರೂ ಜನ ಅದನ್ನು ಅಗ್ಗದ ಬದಲಿಯೆಂದೇ ಬಗೆದರು. ಎರಡನೆಯ ಮಹಾಯುದ್ಧದ ಕಾಲದ ಕೆಲಸಗಾರರ ಕೊರತೆ ಮತ್ತು ಯುದ್ಧಾನಂತರ ಮರಳಿದ ಸೈನಿಕರಿಗೆ ಬೇಕಾದ ಮನೆಗಳು ಅದನ್ನು ಮನೆಮನೆಗೂ ತಲುಪಿಸಿದವು.

ಹಲಗೆಗಳೇನೋ ಬೇಗ ನಿಂತವು. ಅವು ಕೂಡುವ ಮೂಲೆ ಮಾತ್ರ ಆತುರಕ್ಕೆ ಒಗ್ಗಲಿಲ್ಲ. ಒಳಮೂಲೆಗೆ ಕಾಗದದ ಪಟ್ಟಿಯನ್ನು ನಡುವೆ ಮಡಿಸಿ, ಹಸಿ ಲೇಪದಲ್ಲಿ ಕೂರಿಸಬೇಕು. ಒಂದು ಬದಿ ಒಣಗಿದ ಮೇಲೆಯೇ ಇನ್ನೊಂದು ಬದಿಗೆ ಲೇಪ ಎಳೆದರೆ ಗೆರೆ ನೇರವಾಗಿರುತ್ತದೆ. ಹೊರಮೂಲೆಗೆ ಪೆಟ್ಟು ತಾಗದಂತೆ ಲೋಹದ ಅಂಚುಪಟ್ಟಿ ಬೇಕು. ಕೊನೆಗೆ ಉಜ್ಜಿ ನಯಗೊಳಿಸಬೇಕು.

ಅಪಾಯವಿದ್ದದ್ದು ಅಲ್ಲಿಯೇ. ಲೇಪ ಬಿರುಕುಬಿಡದಿರಲೆಂದು ಅದರಲ್ಲಿ ಕಲ್ನಾರನ್ನು, ಅಂದರೆ ಆಸ್ಬೆಸ್ಟಾಸನ್ನು, ಬೆರೆಸುತ್ತಿದ್ದರು. ಒಣ ಲೇಪವನ್ನು ಉಜ್ಜಿದರೆ ಅದರ ಸೂಕ್ಷ್ಮ ಎಳೆಗಳು ಗಾಳಿಗೆ ಸೇರಿ ಶ್ವಾಸಕೋಶದಲ್ಲಿ ನೆಲೆಸುತ್ತವೆ. ದಶಕಗಳ ಬಳಿಕ ಕ್ಯಾನ್ಸರ್ ತರಬಲ್ಲವು. 1977ರಲ್ಲಿ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವು ಅಂಥ ಲೇಪಗಳನ್ನು ನಿಷೇಧಿಸಿತು. ಆದರೆ ನಿಷೇಧವು ಮಾರಾಟವನ್ನು ತಡೆಯಬಲ್ಲದು. ಅದಾಗಲೇ ಗೋಡೆಗಳಲ್ಲಿ ಸೇರಿದ್ದನ್ನು ತೆಗೆಯಲಾರದು.

ಮಗ ಏಣಿಯಿಂದ ಇಳಿದನು. ಪರೀಕ್ಷೆಗೆ ಕಳುಹಿಸಿದ ಮಾದರಿಯಲ್ಲಿ ಕಲ್ನಾರು ಇದ್ದುದು ದೃಢಪಟ್ಟಿತು. ಪರಿಣತರು ಬಂದು ಕೋಣೆಯನ್ನು ಮುಚ್ಚಿ, ಹಳೆಯದನ್ನು ತೆಗೆದರು. ಹೊಸ ಮೂಲೆಯನ್ನು ಮಗನೇ ಕಟ್ಟಿದನು. ಗೆರೆ ತುಸು ಡೊಂಕಾಯಿತು. ಮೊಮ್ಮಗಳು ಈಗ ಅದೇ ಮೂಲೆಯಲ್ಲಿ ಕುಳಿತು ಓದುತ್ತಾಳೆ.

ಹಳೆಯ ಮನೆಗಳನ್ನು ಕೊಂಡು ವಿದೇಶಗಳಲ್ಲಿ ನೆಲೆಸಿರುವ ನನ್ನ ಶಿಷ್ಯರೇ, ಇಸವಿಗಳನ್ನು ಬಾಯಿಪಾಠ ಮಾಡಿಸುತ್ತಾರೆಂದು ಅಂದು ನನ್ನನ್ನು ಬೈದುಕೊಂಡಿದ್ದೀರಿ. ಮನೆ ಕಟ್ಟಿದ ಇಸವಿಯನ್ನಾದರೂ ಮರೆಯಬೇಡಿ. ಪರೀಕ್ಷಿಸದೆ ಉಜ್ಜಬೇಡಿ.

ಇಂತಿ ನಿಮ್ಮ ಮೇಷ್ಟ್ರು