ಎಣಿಸುವ ಮಗುವಿಗೆ ಸಾಲು: ಆಟಿಸಂ ಇರುವ ಎಳೆಯರ ವಿಶೇಷ ಆಸಕ್ತಿ ಕುರಿತು ಒಂದು ಮರುವಿಚಾರ

ಆಟಿಸಂ ಇರುವ ಮಗುವಿಗೆ ಅಂಗವೈಕಲ್ಯ ಪ್ರಮಾಣಪತ್ರ ಕೊಡಲು ಕೇಂದ್ರ ಸರ್ಕಾರ 2016ರಲ್ಲಿ ಐಎಸ್‌ಎಎ ಎಂಬ ಭಾರತೀಯ ಮಾಪಕವನ್ನು ಅಧಿಸೂಚಿಸಿತು. ಅದರಲ್ಲಿ 40 ಅಂಶಗಳಿವೆ. ಪ್ರತಿ ಅಂಶಕ್ಕೂ 1ರಿಂದ 5ರವರೆಗೆ ಅಂಕ. ಮೊತ್ತ 70 ಮುಟ್ಟಿದರೆ ಆಟಿಸಂ, ಅಲ್ಲಿಂದ ಏರಿದಷ್ಟೂ ತೀವ್ರತೆ ಹೆಚ್ಚು. ಕೊನೆಯ ಎರಡು ಅಂಶಗಳತ್ತ ಓದುಗರ ಗಮನ ಸೆಳೆಯಬೇಕು: ಒಂದು ಅಸಾಮಾನ್ಯ ಜ್ಞಾಪಕಶಕ್ತಿ, ಇನ್ನೊಂದು ಯಾವುದಾದರೂ ಒಂದು ವಿಷಯದಲ್ಲಿನ ಅಪೂರ್ವ ಪ್ರತಿಭೆ. ಹುಬ್ಬಳ್ಳಿ–ಗದಗ ರಸ್ತೆಯ ಬಸ್ಸುಗಳ ಬೋರ್ಡನ್ನೆಲ್ಲ ಬಾಯಿಪಾಠ ಮಾಡಿಕೊಂಡ ಶಿರಗುಪ್ಪಿಯ ಮಗುವಿಗೆ ಆ ನೆನಪೇ ತೀವ್ರತೆಯ ಅಂಕ ತಂದುಕೊಡಬಹುದು.

ಮಾಪಕ ಮಾಡಿದವರ ಸಮರ್ಥನೆಯಲ್ಲಿ ಹುರುಳಿದೆ. ಇಲ್ಲಿ ಗುರುತಿಸುತ್ತಿರುವುದು ಲಕ್ಷಣವನ್ನೇ ಹೊರತು ಅದರ ಬೆಲೆಯನ್ನಲ್ಲ. ಎರಡು ಅಂಶಗಳಿಂದ ಮೊತ್ತ ಬಹಳವೆಂದರೆ 8 ಅಂಕ ಹೆಚ್ಚಬಹುದು, ಪ್ರಮಾಣಪತ್ರ ಬೇಕಾದ ಕುಟುಂಬಕ್ಕೆ ಅದು ಅನುಕೂಲವೂ ಆದೀತು. ನನ್ನ ತಕರಾರು ಮಾಪಕದ ಮೇಲಲ್ಲ. ಆಸ್ಪತ್ರೆಯ ಈ ದೃಷ್ಟಿ ಮನೆಗೂ ಬಂದು, ಮಗುವಿನ ಆಸಕ್ತಿಯನ್ನು ಬಿಡಿಸಬೇಕಾದ ಚಟವೆಂದು ಕಾಣುವಂತೆ ಮಾಡುತ್ತದಲ್ಲ, ತಕರಾರು ಅದರ ಮೇಲೆ.

ಆಸಕ್ತಿಯ ಹಿಂದೆ ನಿಜವಾದ ಸಾಮರ್ಥ್ಯವಿದೆ ಎಂಬುದರ ಬಗ್ಗೆ ಈಗ ವಿದ್ವಾಂಸರಲ್ಲಿ ದೊಡ್ಡ ಭಿನ್ನಮತವಿಲ್ಲ. 1943ರಲ್ಲಿ 11 ಮಕ್ಕಳನ್ನು ವರ್ಣಿಸಿದ ಲಿಯೊ ಕ್ಯಾನರ್ ಆ ಮಕ್ಕಳ ನೆನಪಿನ ಬಲವನ್ನು ಆಗಲೇ ದಾಖಲಿಸಿದ್ದರು. ಚಿತ್ರದೊಳಗೆ ಅಡಗಿದ ಆಕೃತಿಯನ್ನು ಈ ಮಕ್ಕಳು ಚುರುಕಾಗಿ ಹುಡುಕುತ್ತಾರೆಂದು ಅಮಿತ್ತಾ ಶಾ ಮತ್ತು ಊಟಾ ಫ್ರಿತ್ 1983ರಲ್ಲಿ ತೋರಿಸಿದರು. ಗಮನವೆಲ್ಲ ಒಂದೇ ಕಾಲುವೆಯಲ್ಲಿ ಹರಿಯುವುದೇ ಆಟಿಸಂನ ತಿರುಳು ಎಂದು ಡೈನಾ ಮರ್ರಿ ಮತ್ತು ಸಂಗಡಿಗರು 2005ರಲ್ಲಿ ವಾದಿಸಿದರು. ಜಗಳ ಇರುವುದು ಮುಂದಿನ ಪ್ರಶ್ನೆಯಲ್ಲಿ: ಆ ಆಸಕ್ತಿಯನ್ನು ದೊಡ್ಡವರು ಏನು ಮಾಡಬೇಕು?

ಪ್ರಬಲವಾಗಿರುವುದು ಬಹುಮಾನವಾದ: ಮೊದಲು ಪಾಠ, ಆಮೇಲೆ ರೈಲು. ಇದಕ್ಕೆ ಆಧಾರ ಮಾರ್ಜೊರಿ ಚಾರ್ಲಪ್-ಕ್ರಿಸ್ಟಿ ಮತ್ತು ಸಂಗಡಿಗರು 1990ರ ದಶಕದಲ್ಲಿ ನಡೆಸಿದ ಅಧ್ಯಯನಗಳು. ಸಾಮಾನ್ಯ ಟೋಕನ್ನಿನ ಬದಲು ಮಗು ಅಂಟಿಕೊಂಡ ವಸ್ತುವನ್ನೇ ಟೋಕನ್ನಾಗಿ ಕೊಟ್ಟಾಗ ಉತ್ತರಗಳು ಸುಧಾರಿಸಿದವೆಂದು 1998ರ ವರದಿ ಹೇಳುತ್ತದೆ. ಅದೇ ವರ್ಷ ಬೇಕರ್ ಮತ್ತು ಕೋಗೆಲ್ ದಂಪತಿ ಬೇರೆಯದೇ ದಾರಿ ಹಿಡಿದರು. ಅಮೆರಿಕದ ನಕಾಶೆಯಲ್ಲೇ ಮುಳುಗಿದ್ದ ಮಗುವಿಗಾಗಿ ಆಟದ ಬಯಲಿನಲ್ಲಿ ಆ ನಕಾಶೆಯನ್ನು ದೊಡ್ಡದಾಗಿ ಬರೆದು, ಅದರ ಮೇಲೆ ಎಲ್ಲ ಮಕ್ಕಳಿಗೂ ಮುಟ್ಟಾಟ ಆಡಿಸಿದರು. ಒಂಟಿಯಾಗಿದ್ದ ಮಗು ಜೊತೆಯವರೊಡನೆ ಆಡತೊಡಗಿತು. ನಕಾಶೆಯಿಲ್ಲದ ಆಟಗಳಲ್ಲೂ ಆ ಬೆರೆಯುವಿಕೆ ಹೆಚ್ಚಿತು.

ಎರಡೂ ಫಲಕಾರಿ ಎಂದು ಹೇಳಿ ಮುಗಿಸುವುದು ಸುಲಭ. ಆದರೆ ಅಳೆದದ್ದೇನು ಎಂದು ಕೇಳಬೇಕು. ಟೋಕನ್ ಅಧ್ಯಯನ ಅಳೆದದ್ದು ಮೇಜಿನ ಮುಂದಿನ ಸರಿ ಉತ್ತರಗಳನ್ನು, ನಕಾಶೆಯ ಅಧ್ಯಯನ ಅಳೆದದ್ದು ಒಡನಾಟವನ್ನು. ಬಹುಮಾನದಲ್ಲಿ ಆಸಕ್ತಿಯ ಬೀಗದ ಕೈ ದೊಡ್ಡವರ ಬಳಿ ಇರುತ್ತದೆ. ಮಗುವಿಗೆ ಗೊತ್ತಿರುವುದೇನು ಎಂದು ಯಾರೂ ಕೇಳಬೇಕಾಗಿಲ್ಲ. ನಕಾಶೆಯ ಮೇಲಾದರೋ ಆ ಮಗುವೇ ತಿಳಿದವನು, ಉಳಿದವರು ಅವನಲ್ಲಿಗೆ ಬರಬೇಕು.

ಈ ದಾರಿಗೆ 1998ಕ್ಕಿಂತ ಹಳೆಯದೊಂದು ಸಾಕ್ಷ್ಯವಿದೆ. ನಮ್ಮ ಚರ್ಚೆಗಳಲ್ಲಿ ಅದಕ್ಕೆ ಸಿಗಬೇಕಾದ ತೂಕ ಸಿಕ್ಕಿಲ್ಲ. ಕ್ಯಾನರ್ ವರ್ಣಿಸಿದ ಮೊದಲ ಬಾಲಕ ಡೊನಾಲ್ಡ್ ಟ್ರಿಪ್ಲೆಟ್ 1942ರಿಂದ ಕೆಲವು ವರ್ಷ ಮಿಸಿಸಿಪ್ಪಿಯ ಒಕ್ಕಲು ದಂಪತಿಯ ಹೊಲಮನೆಯಲ್ಲಿದ್ದ. 1945ರಲ್ಲಿ ಅಲ್ಲಿಗೆ ಹೋದ ಕ್ಯಾನರ್ ಕಂಡದ್ದನ್ನು 1971ರ ಲೇಖನದಲ್ಲಿ ಕೊಟ್ಟಿದ್ದಾರೆ. ಅಳೆಯುವುದೇ ಹುಚ್ಚಾಗಿದ್ದ ಹುಡುಗನಿಗೆ ಆ ದಂಪತಿ ಬಾವಿ ತೋಡುವ ಕೆಲಸ ಕೊಟ್ಟು ಆಳ ಎಷ್ಟೆಂದು ಹೇಳಿಸಿದ್ದರು. ಮೆಕ್ಕೆಜೋಳದ ಸಾಲುಗಳನ್ನು ಮತ್ತೆಮತ್ತೆ ಎಣಿಸುತ್ತಿದ್ದವನಿಗೆ ನೇಗಿಲು ಹಿಡಿಸಿ, ಉಳುತ್ತಲೇ ಎಣಿಸು ಎಂದಿದ್ದರು. ಅವರು ಆಸಕ್ತಿಯನ್ನು ತಡೆಯಲೂ ಇಲ್ಲ, ಬಹುಮಾನವಾಗಿ ಎತ್ತಿಡಲೂ ಇಲ್ಲ. ಅದನ್ನು ಮನೆಯ ಕೆಲಸದೊಳಕ್ಕೆ ಕರೆದುಕೊಂಡರು.

ಇದರಿಂದ ನಾನು ತಲುಪುವ ನಿಲುವು: ಆರು ವರ್ಷದೊಳಗಿನ ಮಗುವಿನ ವಿಶೇಷ ಆಸಕ್ತಿಯನ್ನು ಮೊದಲು ಕೂಡಿ ಆಡುವ, ಕೂಡಿ ದುಡಿಯುವ ಜಾಗವಾಗಿ ಕಾಣಬೇಕು, ಬಹುಮಾನವಾಗಿ ಬಳಸುವುದೇನಿದ್ದರೂ ಆಮೇಲೆ. ಇದನ್ನು ಹಲವು ಷರತ್ತುಗಳೊಡನೆಯೇ ಹೇಳಬೇಕು. ಬೇಕರ್ ಅಧ್ಯಯನದಲ್ಲಿದ್ದವರು ಮೂರೇ ಮಕ್ಕಳು. ಹೊಲಮನೆಗೆ ಹೋದಾಗ ಡೊನಾಲ್ಡ್‌ಗೆ ಒಂಬತ್ತರ ಆಸುಪಾಸು, ಮಾತೂ ಬರುತ್ತಿತ್ತು. ಕರೆಂಟಿನ ತಂತಿ, ತೆರೆದ ಬಾವಿಯ ಮೇಲೆ ಮನಸ್ಸಿಟ್ಟ ಮಗುವಿಗೆ ತಡೆ ಹಾಕಲೇಬೇಕು. ಎಲ್ಲ ಆಸಕ್ತಿಯನ್ನೂ ಪಾಠಕ್ಕೆ ಎಳೆದರೆ ಮಗುವಿಗಿದ್ದ ಸುಖವೇ ಹೋದೀತು. ಸ್ವಲ್ಪವನ್ನಾದರೂ ಅದರ ಪಾಡಿಗೆ ಬಿಡುವುದು ನ್ಯಾಯ.

ಕರ್ನಾಟಕದಲ್ಲೇ ಬೆಳೆದ, ಆಟಿಸಂ ಇರುವ ಕವಿ ಟೀಟೊ ರಾಜರ್ಷಿ ಮುಖೋಪಾಧ್ಯಾಯರ ವಿಷಯಕ್ಕೂ ಇದೇ ಎಚ್ಚರ ಬೇಕು. ಎಳೆಯ ಮಗ ಕ್ಯಾಲೆಂಡರನ್ನು ದಿಟ್ಟಿಸುವುದನ್ನು ಕಂಡ ತಾಯಿ ಸೋಮಾ ಅಲ್ಲಿಂದಲೇ ಅಂಕಿ, ಅಕ್ಷರ ಕಲಿಸಿದರೆಂಬುದು ಕುಟುಂಬದ ನಿರೂಪಣೆ. ಅವರು ಮುಂದೆ ರೂಪಿಸಿದ ಅಕ್ಷರಫಲಕದ ವಿಧಾನವನ್ನು ಅಮೆರಿಕದ ವಾಕ್-ಶ್ರವಣ ತಜ್ಞರ ಸಂಘ 2018ರಲ್ಲಿ ಒಪ್ಪಲಿಲ್ಲ. ಆ ವಿವಾದ ಏನೇ ಆಗಲಿ, ಮಗು ನೋಡುತ್ತಿದ್ದ ಕಡೆಗೇ ತಾಯಿಯೂ ನೋಡಿದರೆಂಬ ಮೊದಲ ಹೆಜ್ಜೆಗೆ ಅದರಿಂದ ಧಕ್ಕೆಯಿಲ್ಲ.

ಆಸಕ್ತಿಯನ್ನು ಕೂಡಿ ಆಡುವ ಜಾಗವಾಗಿಸಲು ಶಿರಗುಪ್ಪಿಯಲ್ಲಿ ದುಬಾರಿ ಸಾಮಾನು ಬೇಕಿಲ್ಲ. ಅಂಗನವಾಡಿಯ ಅಕ್ಕೋರು ಅಂಗಳದಲ್ಲಿ ಸುಣ್ಣದಿಂದ ಒಂದು ರಸ್ತೆ ಎಳೆದು ಹುಬ್ಬಳ್ಳಿ, ಶಿರಗುಪ್ಪಿ, ಅಣ್ಣಿಗೇರಿ, ಗದಗ ಎಂದು ಬರೆದರೆ, ಬೋರ್ಡು ಬಲ್ಲ ಮಗುವೇ ಕಂಡಕ್ಟರ್. ಉಳಿದವರು ಟಿಕೆಟ್ ಕೇಳಲು ಅದರ ಹತ್ತಿರ ಬರಲೇಬೇಕು. ಎಣಿಸುವ ಮಗುವಿಗೆ ಎರಿ ಹೊಲದ ಹತ್ತಿಸಾಲುಗಳಿವೆ, ಒಣಹಾಕಿದ ಮೆಣಸಿನಕಾಯಿಯ ಚೀಲಗಳಿವೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿ ಮಕ್ಕಳನ್ನು ತಪಾಸಣೆ ಮಾಡಬೇಕೆಂಬ ನಿಯಮವಿದೆ. ಅದು ಹುಡುಕುವುದು ಜನ್ಮದೋಷ, ಕೊರತೆ, ರೋಗ, ಬೆಳವಣಿಗೆಯ ವಿಳಂಬ ಇವನ್ನು. ಆ ತಪಾಸಣೆಯ ಕಾರ್ಡಿನಲ್ಲಿ 'ಮಗುವಿನ ಮನಸ್ಸು ಎಲ್ಲಿ ನಿಲ್ಲುತ್ತದೆ' ಎಂದು ತಾಯಿಯನ್ನು ಕೇಳಿ ಬರೆದುಕೊಳ್ಳಲು ಒಂದು ಸಾಲು ಸೇರಿಸಬೇಕೆಂಬುದು ನನ್ನ ಸಲಹೆ.

ಮಾತು ಬಾರದ ಮೂರು ವರ್ಷದ ಮಗು ಫ್ಯಾನಿನ ತಿರುಗುವಿಕೆಯನ್ನೋ ನಲ್ಲಿಯ ನೀರನ್ನೋ ನೋಡುತ್ತ ಕೂತಾಗ, ಅದನ್ನು ಹೀಗೆ ಹಂಚಿಕೊಳ್ಳುವ ಆಟವಾಗಿಸಬಹುದೇ? ಇಲ್ಲಿ ಉಲ್ಲೇಖಿಸಿದ ಅಧ್ಯಯನಗಳಲ್ಲಿ ಇದಕ್ಕೆ ಉತ್ತರವಿಲ್ಲ. ಕನ್ನಡ ಮನೆಗಳಲ್ಲಿ, ಅಜ್ಜ–ಅಮ್ಮಂದಿರ ನಡುವೆಯೇ ಕೂತು ಇದನ್ನು ದಾಖಲಿಸುವ ಕೆಲಸ ಬಾಕಿ ಇದೆ.